ಈಗ ಬರುತ್ತಿರುವ ಸೂಪರ್‌ಹೀರೋ ಕಾಮಿಕ್ಸ್: ಯಾವುದು ಕೊಳ್ಳಲಿ, ಯಾವುದಕ್ಕೆ ಕಾಯಲಿ, ಯಾವುದನ್ನು ಬಿಡಲಿ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಸಿನಿಮಾ ನೋಡಿ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಗೊತ್ತು, ಕಾಮಿಕ್ಸ್ ಓದಿಲ್ಲ, ಎಲ್ಲಿಂದ ಶುರು ಮಾಡಲಿ? ಎಲ್ಲರ ಬಾಯಲ್ಲೂ ಇರುವ ‘ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್’ ನಿಜಕ್ಕೂ ಅಷ್ಟು ಚೆನ್ನಾಗಿದೆಯೇ? ಬೆಂಗಳೂರಿನಲ್ಲಿದ್ದುಕೊಂಡು ತಿಂಗಳು ತಿಂಗಳು ಬಿಡಿ ಸಂಚಿಕೆ ಕೊಳ್ಳಬೇಕೋ, ಹಲವು ಸಂಚಿಕೆ ಒಟ್ಟಿಗೆ ಸೇರಿಸಿದ ಸಂಕಲನ ಬರುವವರೆಗೆ ಕಾಯಬೇಕೋ?

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್ ಚೆನ್ನಾಗಿದೆ, ಆದರೆ ಅದೇ ಸಾಲಿನ ವಂಡರ್ ವುಮನ್ ಮತ್ತು ಮಾರ್ಷಿಯನ್ ಮ್ಯಾನ್‌ಹಂಟರ್ ಅದಕ್ಕಿಂತ ಒಂದು ಕೈ ಮೇಲು. ಬಿಡಿ ಸಂಚಿಕೆ ಬೇಡ, ಸಂಕಲನ ಕೊಳ್ಳಿ. ಇನ್ನು ಮೊದಲ ಸಂಚಿಕೆಯ ವಿಮರ್ಶೆ ನೋಡಿ ದುಡ್ಡು ಹಾಕಲೇಬೇಡಿ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಮೊದಲ ಸಂಚಿಕೆ ಎಂದರೆ ಒಂದು ಐಡಿಯಾದ ಜಾಹೀರಾತು. ಪುಟವೂ ಹೆಚ್ಚು, ಚಿತ್ರಕಾರನಿಗೆ ಸಿಗುವ ಸಮಯವೂ ಹೆಚ್ಚು, ಕೊನೆಯ ಪುಟದಲ್ಲಿ ಒಂದು ಶಾಕ್ ಗ್ಯಾರಂಟಿ. ನೋಡಬೇಕಾದ್ದು ಐದು, ಆರನೇ ಸಂಚಿಕೆ. ನಾಯಕನ ಹಿನ್ನೆಲೆಯಲ್ಲಿ ಮಾಡಿದ ಬದಲಾವಣೆ ಆಗಲೂ ಅವನಿಗೆ ತೊಂದರೆ ಕೊಡುತ್ತಿದೆಯೇ, ಅಥವಾ ವೇಷ ಮಾತ್ರ ಬದಲಾಗಿ ಹಳೇ ಕಥೆಯೇ ಮುಂದುವರಿದಿದೆಯೇ? ನಾನು ಹೊಸ ಸರಣಿಗಳನ್ನು ಅಳೆಯುವುದು ಇದೊಂದರಿಂದಲೇ.

ಈ ‘ಅಬ್ಸೊಲ್ಯೂಟ್’ ಏನು ಅಂತ ಮೊದಲು ತಿಳಿದುಕೊಳ್ಳಿ. 2024ರ ಅಕ್ಟೋಬರಿನಲ್ಲಿ ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿ ತನ್ನ ಕಥೆಗಳ ಮುಖ್ಯ ಜಗತ್ತನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲೇ ಇನ್ನೊಂದು ಜಗತ್ತು ಶುರು ಮಾಡಿತು. ಡಾರ್ಕ್‌ಸೈಡ್ ಎಂಬ ಖಳನ ಶಕ್ತಿಯಿಂದ ಹುಟ್ಟಿದ ಜಗತ್ತು ಅದು. ಅಲ್ಲಿ ನಾಯಕರಿಗೆ ಅವರ ಹುಟ್ಟಿನ ಅನುಕೂಲವೇ ಇಲ್ಲ. ಬ್ಯಾಟ್‌ಮ್ಯಾನ್‌ಗೆ ದುಡ್ಡಿಲ್ಲ, ಬಂಗಲೆಯಿಲ್ಲ. ವಂಡರ್ ವುಮನ್‌ಗೆ ಅವಳ ದ್ವೀಪವಿಲ್ಲ, ಅಕ್ಕತಂಗಿಯರಿಲ್ಲ. ಸೂಪರ್‌ಮ್ಯಾನ್‌ಗೆ ಕೂಸಿದ್ದಾಗಿಂದ ಸಾಕಿದ ಕ್ಯಾನ್ಸಸ್‌ನ ಮನೆಯಿಲ್ಲ. ಹಿಂದಿನ ಎಂಬತ್ತು ವರ್ಷದ ಕಥೆ ಏನೂ ಗೊತ್ತಿರಬೇಕಿಲ್ಲ. ನಿಮ್ಮಂಥ ಹೊಸ ಓದುಗರಿಗೆ ಇದೇ ಸರಿಯಾದ ಬಾಗಿಲು.

ಈಗ ಬ್ಯಾಟ್‌ಮ್ಯಾನ್. ಕಥೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟ, ಬಣ್ಣ ಫ್ರಾಂಕ್ ಮಾರ್ಟಿನ್. ಬ್ರೂಸ್ ವೇಯ್ನ್‌ಗೆ ಇಲ್ಲಿ 24 ವರ್ಷ, ಓದಿದ್ದು ಎಂಜಿನಿಯರಿಂಗ್. ಅಪ್ಪ ಸತ್ತಿದ್ದಾನೆ, ಅಮ್ಮ ಬದುಕಿದ್ದಾಳೆ. ಈ ಕೊನೆಯ ಬದಲಾವಣೆಯನ್ನು ಬಹಳ ಜನ ಗಮನಿಸುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಕಥೆಯ ಕೀಲು ಇರುವುದೇ ಅಲ್ಲಿ. ಹಳೇ ಬ್ಯಾಟ್‌ಮ್ಯಾನ್‌ಗೆ ಕಳೆದುಕೊಳ್ಳಲು ಯಾರೂ ಉಳಿದಿರಲಿಲ್ಲ. ಇವನಿಗೆ ಅಮ್ಮ ಇದ್ದಾಳೆ, ಬಾಲ್ಯದ ಗೆಳೆಯರ ಗುಂಪಿದೆ. ಆ ಗೆಳೆಯರು ಯಾರೆಂದರೆ ವೇಲನ್ ಜೋನ್ಸ್, ಎಡ್ವರ್ಡ್ ನಿಗ್ಮಾ, ಓಸ್ವಾಲ್ಡ್ ಕಾಬಲ್‌ಪಾಟ್, ಹಾರ್ವಿ ಡೆಂಟ್. ಅಂದರೆ ಮುಖ್ಯ ಜಗತ್ತಿನಲ್ಲಿ ಕಿಲ್ಲರ್ ಕ್ರಾಕ್, ರಿಡ್ಲರ್, ಪೆಂಗ್ವಿನ್, ಟೂ-ಫೇಸ್ ಆಗಿ ಅವನನ್ನು ಕಾಡುವವರೇ ಇಲ್ಲಿ ಅವನ ಜತೆ ಕೂತು ಇಸ್ಪೀಟು ಆಡಬಲ್ಲ ದೋಸ್ತಿಗಳು. ಆಲ್ಫ್ರೆಡ್ ಮನೆಯ ಬಟ್ಲರ್ ಅಲ್ಲ, ಬ್ರಿಟನ್ನಿನ ಗೂಢಚಾರ, ಬ್ಯಾಟ್‌ಮ್ಯಾನ್ ಮೇಲೆ ಕಣ್ಣಿಡಲು ಊರಿಗೆ ಬಂದವನು.

ಡ್ರಗೋಟನ ಪುಟ ಹೇಗಿರುತ್ತದೆ ಅಂತ ಹೇಳದಿದ್ದರೆ ಈ ಸರಣಿ ಯಾಕೆ ಇಷ್ಟು ಓಡುತ್ತಿದೆ ಎನ್ನುವುದು ಗೊತ್ತಾಗುವುದಿಲ್ಲ. ಚಿಕ್ಕ ಚಿಕ್ಕ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿ ಉಸಿರುಕಟ್ಟಿಸುತ್ತಾನೆ, ಕೈ, ಬೂಟು, ಗೋಡೆ, ಅಳತೆ ಪಟ್ಟಿ ಎಲ್ಲವೂ ತುಣುಕು ತುಣುಕಾಗಿ. ಪುಟ ತಿರುಗಿಸಿದರೆ ಇಡೀ ಹಾಳೆ ತುಂಬ ಒಂದೇ ಆಕೃತಿ, ಗೋಡೆಯಷ್ಟು ಅಗಲದ ಬ್ಯಾಟ್‌ಮ್ಯಾನ್. ಎದೆಯ ಮೇಲಿನ ಬಾವಲಿ ಲಾಂಛನ ಬರೀ ಚಿತ್ರವಲ್ಲ, ಕಳಚಿ ಹಿಡಿ ಹಾಕಿದರೆ ಕೊಡಲಿ. ಮುಖವಾಡದ ಕಿವಿಗಳೆರಡೂ ಕಿತ್ತರೆ ಚಾಕು. ಮೇಲಂಗಿ ಪಟ್ಟಿಪಟ್ಟಿಯಾಗಿ ಬಿಚ್ಚಿ ಬೇಕಾದ್ದನ್ನು ಹಿಡಿಯುತ್ತದೆ. ದುಡ್ಡಿಲ್ಲದ ಎಂಜಿನಿಯರು ಹೇಗೆ ಯೋಚಿಸುತ್ತಾನೋ ಹಾಗೆ: ಮೈಮೇಲಿನ ಪ್ರತಿ ವಸ್ತುವಿಗೂ ಎರಡು ಕೆಲಸ ಇರಬೇಕು. ವಾಹನವೂ ಅಷ್ಟೇ, ರೇಸ್ ಕಾರಲ್ಲ, ಕಟ್ಟಡ ಕೆಲಸದ ದೈತ್ಯ ಟ್ರಕ್ಕು. ಬದಲಾವಣೆ ಬರೀ ವೇಷದಲ್ಲಿ ನಿಲ್ಲಬಾರದು ಅಂದೆನಲ್ಲ, ಅದು ಇದೇ.

ಕೊರತೆ ಎಲ್ಲಿ? ಸ್ನೈಡರ್ ಮಾತು ಜಾಸ್ತಿ. ಬಾಲ್ಯದ ನೆನಪು, ಅಪ್ಪನ ಪಾಠ, ಒಂದು ರೂಪಕ, ಅದನ್ನು ಹಿಡಿದು ಇಡೀ ಸಂಚಿಕೆ ಎಳೆಯುವುದು ಅವರ ಹಳೇ ಚಾಳಿ. ಬ್ಲ್ಯಾಕ್ ಮಾಸ್ಕ್ ಎಂಬ ಖಳನ ವಿರುದ್ಧದ ಮೊದಲ ಆರು ಸಂಚಿಕೆಗಳಲ್ಲಿ ಖಳನ ಯೋಜನೆ ಗದ್ದಲದ್ದೇ ಹೊರತು ತೂಕದ್ದಲ್ಲ. ಬೇನ್ ಎಂಬ ಇನ್ನೊಬ್ಬ ಖಳ ಬರುವ ಭಾಗದಲ್ಲಿ, ಅಂದರೆ 9ನೇ ಸಂಚಿಕೆಯಿಂದ ಮುಂದೆ, ಕ್ರೌರ್ಯ ಒಂದು ಹಂತದ ನಂತರ ಮರಗಟ್ಟಿಸುತ್ತದೆ. ದೇಹ ಹಿಂಸೆಯ ಭಯಾನಕ ಚಿತ್ರಗಳಿವೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ನಡುವೆ 7 ಮತ್ತು 8ರಲ್ಲಿ ಮಿಸ್ಟರ್ ಫ್ರೀಜ್ ಕಥೆಗೆ ಮಾರ್ಕೋಸ್ ಮಾರ್ಟಿನ್ ಚಿತ್ರ ಬರೆದಿದ್ದಾರೆ. ಡ್ರಗೋಟನ ಅಬ್ಬರದ ನಂತರ ಆ ತಣ್ಣನೆಯ, ಅಳೆದು ಬರೆದ ಗೆರೆ ಹಲವರಿಗೆ ರುಚಿಸಲಿಲ್ಲ. ನನಗೆ ಆ ಎರಡು ಸಂಚಿಕೆಯ ವಿನ್ಯಾಸವೇ ಹೆಚ್ಚು ಹಿಡಿಸಿತು.

ವಂಡರ್ ವುಮನ್ ಬರೆದವರು ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶರ್ಮನ್, ಬಣ್ಣ ಜೋರ್ಡಿ ಬೆಲೇರ್. ಅಮೆರಿಕದ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿಗಳಲ್ಲಿ 2025ರ ಅತ್ಯುತ್ತಮ ಹೊಸ ಸರಣಿ ಇದೇ. ಡಯಾನಾಳನ್ನು, ಅಂದರೆ ವಂಡರ್ ವುಮನ್‌ಳನ್ನು, ಇಲ್ಲಿ ಅಮೆಜಾನ್ ಹೆಂಗಸರು ಬೆಳೆಸಿಲ್ಲ, ಪಾತಾಳದಲ್ಲಿ ಮಾಟಗಾತಿ ಸರ್ಸಿ ಬೆಳೆಸಿದ್ದಾಳೆ. ಏರುವುದು ಅಸ್ಥಿಪಂಜರದ ರೆಕ್ಕೆಕುದುರೆ, ಹಿಡಿಯುವುದು ಅವಳಿಗಿಂತ ಉದ್ದನೆಯ ಖಡ್ಗ, ಮಾಡುವುದು ಮಂತ್ರ. ಕೇಳಿದರೆ ಹೆವಿ ಮೆಟಲ್ ಕ್ಯಾಸೆಟ್ಟಿನ ಕವರ್ ಥರ ಅನಿಸುತ್ತದೆ. ಓದಿದರೆ ಬೇರೆಯೇ. ನರಕದಲ್ಲಿ ಬೆಳೆದ ಹುಡುಗಿ ಯಾಕೆ ಇಷ್ಟು ಮೃದು ಎಂಬ ಒಂದೇ ಪ್ರಶ್ನೆಯನ್ನು ಥಾಂಪ್ಸನ್ ಬಿಡದೆ ಹಿಡಿದಿದ್ದಾರೆ. ಉತ್ತರ ಸರ್ಸಿಯಲ್ಲಿದೆ: ಬೇಡದ ಕೂಸನ್ನು ಒಲ್ಲದ ಮನಸ್ಸಿನಿಂದ ತೆಗೆದುಕೊಂಡವಳು ನಿಧಾನವಾಗಿ ತಾಯಿಯಾಗುವುದು. ಯುದ್ಧ ಮತ್ತು ಬಾಲ್ಯ ಒಂದರ ಪಕ್ಕ ಒಂದು ಬರುತ್ತವೆ. ಪ್ರತಿ ಸಲವೂ ಬಾಲ್ಯದಲ್ಲಿ ಕಲಿತದ್ದಕ್ಕೆ ಯುದ್ಧದಲ್ಲಿ ಬೆಲೆ ತೆರಬೇಕಾಗುತ್ತದೆ. ಇಲ್ಲಿ ಮಂತ್ರ ಪುಕ್ಕಟೆ ಸಿಗುವುದಿಲ್ಲ. ಶರ್ಮನ್ ಪುಟದ ಚೌಕಗಳನ್ನು ಒಡೆದು ಕಥೆಗೆ ಬೇಕಾದ ಆಕಾರಕ್ಕೆ ತರುತ್ತಾರೆ, ಚಕ್ರವ್ಯೂಹ ಬಂದರೆ ಪುಟವೇ ಚಕ್ರವ್ಯೂಹ. ಮನೆಯಲ್ಲಿ ಹದಿಹರೆಯದವರಿದ್ದರೆ ಇದನ್ನೇ ಮೊದಲು ಕೊಡಿ.

ಮಾರ್ಷಿಯನ್ ಮ್ಯಾನ್‌ಹಂಟರ್ 2025ರ ಮಾರ್ಚಿನಲ್ಲಿ ಶುರುವಾಯಿತು. ಬರಹ ಡೆನಿಜ್ ಕ್ಯಾಂಪ್, ಚಿತ್ರವೂ ಬಣ್ಣವೂ ಹವಿಯೆರ್ ರೊಡ್ರಿಗೆಜ್. ಮೊದಲು ಆರೇ ಸಂಚಿಕೆ ಅಂದಿದ್ದರು, ಓದುಗರು ಮುಗಿಬಿದ್ದ ಮೇಲೆ ಹನ್ನೆರಡಾಯಿತು. ಜಾನ್ ಜೋನ್ಸ್ ಎಂಬ ಎಫ್‌ಬಿಐ ಏಜೆಂಟ್ ಬಾಂಬ್ ಸ್ಫೋಟವೊಂದರಲ್ಲಿ ಬದುಕುಳಿಯುತ್ತಾನೆ. ಅಲ್ಲಿಂದಾಚೆಗೆ ಜನರ ಯೋಚನೆಗಳು ಅವರ ತಲೆಯಿಂದ ಬಣ್ಣದ ಹೊಗೆಯಾಗಿ ಏಳುವುದು ಅವನ ಕಣ್ಣಿಗೆ ಬೀಳುತ್ತದೆ. ತಲೆಯೊಳಗೆ ಒಬ್ಬ ಮಂಗಳವಾಸಿ ಸೇರಿಕೊಂಡಿದ್ದಾನೆ. ಊರಿನಲ್ಲಿ ಇನ್ನೇನೋ ಒಂದು ಶಕ್ತಿ ಜನರೊಳಗೆ ದ್ವೇಷ ತುಂಬುತ್ತಿದೆ. ಮನೆಯಲ್ಲಿ ಹೆಂಡತಿಯ ಜೊತೆ ಮಾತು ನಿಂತಿದೆ.

ಇಲ್ಲಿ ಬಣ್ಣವನ್ನು ಆಮೇಲೆ ತುಂಬಿದ್ದಲ್ಲ, ಕಥೆ ಹೇಳುವುದೇ ಬಣ್ಣ. ಬೀದಿಯಲ್ಲಿ ಹತ್ತು ಜನ ನಡೆಯುತ್ತಿದ್ದರೆ ಹತ್ತು ಹೊಗೆ. ಯಾವುದು ಯಾವುದಕ್ಕೆ ತಗಲಿತು, ಯಾವುದು ಯಾವುದನ್ನು ನುಂಗಿತು ಎನ್ನುವುದನ್ನು ನೀವೇ ಹುಡುಕಿಕೊಂಡು ಓದಬೇಕು. ಅಕ್ಷರ ಬರೆದ ಹಸನ್ ಒಟ್ಸ್‌ಮನ್-ಎಲ್‌ಹಾವು ಮಾತಿನ ಗುಳ್ಳೆಗಳನ್ನೂ ಈ ಆಟಕ್ಕೆ ಸೇರಿಸಿಕೊಂಡಿದ್ದಾರೆ. ಫೋನಿನಲ್ಲಿ ಚೌಕ ಚೌಕವಾಗಿ ದೊಡ್ಡದು ಮಾಡಿ ತೋರಿಸುವ ವಿಧಾನದಲ್ಲಿ ಇದನ್ನು ಓದಿದರೆ ಅರ್ಧ ಕಥೆ ಕೈತಪ್ಪುತ್ತದೆ, ಯಾಕೆಂದರೆ ಹೊಗೆ ಒಂದು ಚೌಕದಿಂದ ಇನ್ನೊಂದಕ್ಕೆ ಹರಿಯುತ್ತದೆ. ಕಾಗದದಲ್ಲಿ ಓದಿ, ಇಲ್ಲವೇ ಹತ್ತು ಇಂಚಿಗೆ ಕಡಿಮೆಯಿಲ್ಲದ ಟ್ಯಾಬ್ಲೆಟ್‌ನಲ್ಲಿ ಪೂರ್ತಿ ಪುಟ ಇಟ್ಟುಕೊಂಡು. ಈಚೆಗೆ ದೊಡ್ಡ ಕಂಪನಿಯಿಂದ ಬಂದ ಸೂಪರ್‌ಹೀರೋ ಪುಸ್ತಕಗಳಲ್ಲಿ ನನ್ನ ಮಟ್ಟಿಗೆ ಇದೇ ಮೊದಲನೆಯದು. ಹೊಡೆದಾಟ ಬಹಳ ಕಡಿಮೆ, ಅದನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆ ಖಂಡಿತ.

ಉಳಿದವು ಬೇಗ ಮುಗಿಸುತ್ತೇನೆ. ಜೇಸನ್ ಆರನ್ ಬರೆದ ಅಬ್ಸೊಲ್ಯೂಟ್ ಸೂಪರ್‌ಮ್ಯಾನ್‌ನಲ್ಲಿ ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್‌ನ ಭಾಗ ಬಹಳ ಚೆನ್ನಾಗಿದೆ. ಅಲ್ಲಿ ಅವನ ಅಪ್ಪ ಅಮ್ಮ ದುಡಿಯುವ ವರ್ಗದವರು, ಗ್ರಹ ಹಾಳಾಗುತ್ತಿದೆ ಎಂದವರ ಮಾತಿಗೆ ಕಿವಿಗೊಡುವವರೇ ಇಲ್ಲ. ಭೂಮಿಯ ಭಾಗದಲ್ಲಿ ಕಂಪನಿಯ ಸೈನ್ಯ, ಗಣಿ, ಖಳರ ಸಾಲು ಎಲ್ಲ ಹೆಚ್ಚಾಗಿ ಕಥೆ ಸುಸ್ತಾಗುತ್ತದೆ. ಜೆಫ್ ಲೆಮೀರ್ ಅವರ ಫ್ಲ್ಯಾಶ್ ನಿಧಾನ, ಅಲ್ ಯೂಯಿಂಗ್ ಅವರ ಗ್ರೀನ್ ಲ್ಯಾಂಟರ್ನ್ ಗೋಜಲು. ಹಳೇ ಓದುಗರು ಗ್ರೀನ್ ಲ್ಯಾಂಟರ್ನ್ ಸವಿಯಬಹುದು, ಹೊಸಬರು ಮುಟ್ಟಬೇಡಿ.

ಮಾರ್ವೆಲ್ ಕಡೆ ಇದಕ್ಕೆ ಸರಿಸಾಟಿ ಎಂದರೆ ಹೊಸ ‘ಅಲ್ಟಿಮೇಟ್’ ಸಾಲು. ಅಬ್ಸೊಲ್ಯೂಟ್‌ಗಿಂತ ಮೊದಲೇ, 2023ರಲ್ಲಿ ಪೀಠಿಕೆ ಹಾಕಿ 2024ರ ಜನವರಿಯಲ್ಲಿ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ತಂದರು. ಜೊನಾಥನ್ ಹಿಕ್‌ಮನ್ ಬರಹ, ಮಾರ್ಕೊ ಕೆಕ್ಕೆಟ್ಟೊ ಚಿತ್ರ. ಜೇಡ ಕಚ್ಚಬೇಕಾದ ವಯಸ್ಸಿನಲ್ಲಿ ಕಚ್ಚದಂತೆ ‘ಮೇಕರ್’ ಎಂಬ ಖಳ ತಡೆದುಬಿಟ್ಟಿದ್ದಾನೆ. ಪೀಟರ್ ಪಾರ್ಕರ್ ಮೂವತ್ತು ದಾಟಿದ ಗೃಹಸ್ಥ, ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು. ಇಲ್ಲಿ ಬದುಕಿರುವುದು ಅಂಕಲ್ ಬೆನ್, ಸತ್ತಿರುವುದು ಆಂಟ್ ಮೇ. ಬೆನ್ ಮತ್ತು ಪತ್ರಿಕಾ ಸಂಪಾದಕ ಜೋನಾ ಜೇಮ್ಸನ್ ನೌಕರಿ ಬಿಟ್ಟು ಸ್ವಂತ ಪತ್ರಿಕೆ ಹಾಕುತ್ತಾರೆ. ಆ ಇಬ್ಬರು ಮುದುಕರ ಮಾತುಕತೆಯೇ ಸರಣಿಯ ಒಳ್ಳೆಯ ಭಾಗ. ನಾಲ್ಕನೇ ಸಂಚಿಕೆ ಪೂರ್ತಿ ಎರಡು ದಂಪತಿಗಳು ಹೋಟೆಲ್ಲಿನಲ್ಲಿ ಊಟಕ್ಕೆ ಕೂತ ಕಥೆ. ಹೊಡೆದಾಟ ಇಲ್ಲದೆಯೂ ಸೂಪರ್‌ಹೀರೋ ಕಾಮಿಕ್ಸ್ ಹೇಗೆ ಬಿಗಿಯಾಗಿರಬಹುದು ಎನ್ನುವುದಕ್ಕೆ ಅದನ್ನು ತೋರಿಸಬಹುದು.

ಆದರೆ ಈ ಸಾಲಿಗೆ ಒಂದು ನಿಯಮವಿತ್ತು: ಓದುಗರಿಗೆ ಒಂದು ತಿಂಗಳು ಕಳೆದರೆ ಕಥೆಯೊಳಗೂ ಒಂದು ತಿಂಗಳು ಕಳೆಯಬೇಕು. ಸೆರೆಯಲ್ಲಿರುವ ಮೇಕರ್ ಎರಡು ವರ್ಷದಲ್ಲಿ ಮತ್ತೆ ಹೊರಬರುತ್ತಾನೆ, ಅಷ್ಟರೊಳಗೆ ತಯಾರಾಗಬೇಕು. ಕೇಳಲು ಚಂದ, ಕಾರ್ಯದಲ್ಲಿ ಎಡವಟ್ಟು. ಒಂದು ಸಂಚಿಕೆ ಕುತ್ತಿಗೆಗೆ ಕತ್ತಿ ಬಂದಲ್ಲಿ ನಿಂತರೆ ಮುಂದಿನದು ಒಂದು ತಿಂಗಳ ಆಚೆ ಶುರುವಾಗಬೇಕು. ಹೀಗಾಗಿ ನಿಜವಾದ ಘಟನೆಗಳು ಎರಡು ಸಂಚಿಕೆಗಳ ನಡುವಿನ ಖಾಲಿಯಲ್ಲಿ ನಡೆದುಹೋಗಿ, ಪಾತ್ರಗಳು ಕೂತು ನಮಗೆ ವರದಿ ಒಪ್ಪಿಸುತ್ತವೆ. ಮೊದಲ ಆರು ಅದ್ಭುತ, ಹನ್ನೆರಡರವರೆಗೆ ಚೆನ್ನ, ಎರಡನೇ ವರ್ಷ ಬರೀ ಓಟ. 24ಕ್ಕೆ ಮುಗಿಸುವ ಲೆಕ್ಕ ಇದ್ದದ್ದರಿಂದ ಬಿತ್ತಿದ್ದೆಲ್ಲ ಬೆಳೆಯಲು ಜಾಗವೂ ಸಾಲಲಿಲ್ಲ. ಮೊದಲ ಎರಡು ಸಂಕಲನ ಕೊಳ್ಳಿ, ಉಳಿದದ್ದು ಚಂದಾ ಕಟ್ಟಿ ಓದುವ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪಿನಲ್ಲಿ ಓದಿದರೆ ಸಾಕು.

ಅದೇ ನಿಯಮವನ್ನು ಚೆನ್ನಾಗಿ ಬಳಸಿಕೊಂಡದ್ದು ‘ದಿ ಅಲ್ಟಿಮೇಟ್ಸ್’. ಬರೆದವರು ಮತ್ತೆ ಡೆನಿಜ್ ಕ್ಯಾಂಪ್, ಚಿತ್ರ ಹ್ವಾನ್ ಫ್ರಿಜೆರಿ. ಇಲ್ಲಿ ಒಂದೊಂದು ಸಂಚಿಕೆಯೂ ಬಹುಪಾಲು ಒಬ್ಬ ಪಾತ್ರದ ಸ್ವತಂತ್ರ ಕಥೆ, ಹಾಗಾಗಿ ನಡುವಿನ ತಿಂಗಳು ನಷ್ಟವಾಗುವುದಿಲ್ಲ. ನಾಲ್ಕನೆಯದರಲ್ಲಿ ಪುಟದ ಅಡ್ಡಪಟ್ಟಿಗಳು ಬೇರೆ ಬೇರೆ ಕಾಲಕ್ಕೆ ಸೇರಿವೆ. ಮೇಲಿನಿಂದ ಕೆಳಗೂ ಓದಬಹುದು, ಒಂದೇ ಪಟ್ಟಿಯನ್ನು ಹಿಡಿದು ಪುಟದಿಂದ ಪುಟಕ್ಕೂ ಹೋಗಬಹುದು. ಪೀಚ್ ಮೊಮೊಕೊ ತಾವೇ ಬರೆದು ಚಿತ್ರಿಸಿದ ಅಲ್ಟಿಮೇಟ್ ಎಕ್ಸ್-ಮೆನ್ ಜಪಾನಿನ ಶಾಲಾ ಹುಡುಗಿಯರ ಭೂತದ ಕಥೆಯಂತಿದೆ. ಎಕ್ಸ್-ಮೆನ್ ಸಿನಿಮಾ ನೆನೆದು ತೆರೆದವರು ಬೇಸ್ತು ಬೀಳುತ್ತಾರೆ. ಜಲವರ್ಣದ ಕೆಲಸ ನೋಡುವುದಕ್ಕಾದರೂ ತೆರೆಯಬಹುದು.

ಮುಖ್ಯ ಜಗತ್ತಿನ ಬ್ಯಾಟ್‌ಮ್ಯಾನ್ ಬೇಕೇ ಬೇಕು ಎಂದರೆ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಒಂದರಿಂದ ಎಣಿಕೆ ಶುರುವಾದ ಸರಣಿ ಹಿಡಿಯಿರಿ, ಮ್ಯಾಟ್ ಫ್ರ್ಯಾಕ್ಷನ್ ಬರಹ, ಹೋರ್ಹೆ ಹಿಮೆನೆಜ್ ಚಿತ್ರ. ಕಿಲ್ಲರ್ ಕ್ರಾಕ್ ಕುರಿತ ಮೊದಲ ಸಂಚಿಕೆಯನ್ನು ಒಂದೇ ಕಥೆಯಂತೆ ಓದಿ ಮುಚ್ಚಿಡಬಹುದು. ಇದಕ್ಕೆ ಮೊದಲೇ ಶುರುವಾದ, ಜೆಫ್ ಲೋಬ್, ಜಿಮ್ ಲೀ ಜೋಡಿ ತಮ್ಮ ಹಳೇ ಬ್ಯಾಟ್‌ಮ್ಯಾನ್ ಕಥೆ ‘ಹಶ್’ಗೆ ಬರೆದ ಮುಂದುವರಿಕೆ ಬೇಡವೇ ಬೇಡ. ಚಿತ್ರ ಕಣ್ಣಿಗೆ ಹಬ್ಬ, ಕಥೆ ಹಳೇ ಯಶಸ್ಸಿನ ಚಕ್ರಬಡ್ಡಿ, ಮೇಲೆ ಸಂಚಿಕೆಗಳೂ ತಡವಾಗಿ ಬಂದವು.

ಇನ್ನು ಕೊಳ್ಳುವ ವಿಚಾರ. ಅಬ್ಸೊಲ್ಯೂಟ್ ಬಿಡಿ ಸಂಚಿಕೆಯ ಮುಖಬೆಲೆ ಸಾಮಾನ್ಯವಾಗಿ 4.99 ಡಾಲರ್, ಕಥೆಯ ಪುಟಗಳು ಇಪ್ಪತ್ತರ ಆಸುಪಾಸು. ಅಮೆರಿಕದಲ್ಲಿ ಕಾಮಿಕ್ಸ್ ಅಂಗಡಿಗಳು ವಿತರಕರಿಂದ ತರಿಸಿದ್ದನ್ನು ಸಾಮಾನ್ಯವಾಗಿ ವಾಪಸ್ ಕೊಡುವಂತಿಲ್ಲ. ಮಾರಾಟವಾಗದೆ ಉಳಿದರೆ ನಷ್ಟ ಅಂಗಡಿಯವನದೇ. ಹಾಗಾಗಿ ಅವರು ಎಣಿಸಿ ತರಿಸುತ್ತಾರೆ, ಬೇಡಿಕೆ ಜಾಸ್ತಿಯಾದರೆ ಹೊಸ ಸಂಚಿಕೆ ಬರುವ ಬುಧವಾರವೇ ಖಾಲಿ. ಪ್ರಕಾಶಕರು ಪಟ್ಟಿ ಹೊರಡಿಸುವುದು ಬಿಡುಗಡೆಗೆ ಸುಮಾರು ಮೂರು ತಿಂಗಳು ಮೊದಲು, ಅಂಗಡಿಯವರು ಅಂತಿಮ ಆರ್ಡರ್ ಕೊಡಲು ಗಡುವು ಬಿಡುಗಡೆಗೆ ಕೆಲವು ವಾರ ಮೊದಲು. ನಮ್ಮಲ್ಲಿ ಬಿಡಿ ಸಂಚಿಕೆ ತರಿಸಿಕೊಡುವ ಆನ್‌ಲೈನ್ ಅಂಗಡಿಗೆ ನೀವು ಹೇಳಬೇಕಾದ್ದು ಆ ಗಡುವಿಗೆ ಮೊದಲು. ಬಿಡುಗಡೆಯ ದಿನ ಹುಡುಕಲು ಕೂತರೆ ಸಿಗುವುದು ಮರುಮಾರಾಟದ ಬೆಲೆ ಮಾತ್ರ.

ಒಂದೇ ಸಂಚಿಕೆಯನ್ನು ಬೇರೆ ಬೇರೆ ಮುಖಪುಟ ಹಾಕಿ ಮಾರುತ್ತಾರೆ, ಆ ಮೋಹಕ್ಕೆ ಬೀಳಬೇಡಿ. ‘1:25’ ಎಂದು ಬರೆದಿದ್ದರೆ ಅಂಗಡಿಯವನು ಸಾಮಾನ್ಯ ಪ್ರತಿ 25 ಕೊಂಡರೆ ಅವನಿಗೆ ಈ ಮುಖಪುಟದ ಒಂದು ಪ್ರತಿ ಸಿಗುತ್ತದೆ ಎಂದರ್ಥ. ಬೆಲೆ ಏರುವುದು ಇದರಿಂದ, ಒಳಗಿನ ಪುಟಗಳು ಅವೇ. ಎರಡನೇ, ಮೂರನೇ ಮುದ್ರಣದ ಪ್ರತಿ ಓದಲು ಮೊದಲನೆಯದರಷ್ಟೇ ಚೆನ್ನ. ಕೊಂಡಿಟ್ಟು ಮಾರಿ ಲಾಭ ಮಾಡುವ ಆಸೆ ಇದ್ದರೆ ಈ ಉತ್ತರ ನಿಮಗಲ್ಲ.

ಸಂಕಲನ ಕೊಳ್ಳುವಾಗ ಎರಡು ಕಡೆ ಜನ ಎಡವುತ್ತಾರೆ. ಡಿಸಿಯವರು ಈ ಜಗತ್ತಿಗೂ ಬಹಳ ಮೊದಲೇ ‘ಅಬ್ಸೊಲ್ಯೂಟ್’ ಹೆಸರಿನಲ್ಲಿ ಹಳೇ ಕಥೆಗಳ ದೊಡ್ಡ ಗಾತ್ರದ, ರಟ್ಟಿನ ಪೆಟ್ಟಿಗೆಯ ದುಬಾರಿ ಆವೃತ್ತಿ ತರುತ್ತಿದ್ದರು. ಆನ್‌ಲೈನ್ ಹುಡುಕಾಟದಲ್ಲಿ ಎರಡೂ ಬೆರೆತು ಬರುತ್ತವೆ. ನಿಮಗೆ ಬೇಕಾದವುಗಳ ಉಪಶೀರ್ಷಿಕೆ ನೋಡಿಕೊಳ್ಳಿ: ಬ್ಯಾಟ್‌ಮ್ಯಾನ್‌ಗೆ ‘ದಿ ಜೂ’, ವಂಡರ್ ವುಮನ್‌ಗೆ ‘ದಿ ಲಾಸ್ಟ್ ಅಮೆಜಾನ್’, ಮಾರ್ಷಿಯನ್‌ಗೆ ‘ಮಾರ್ಷಿಯನ್ ವಿಷನ್’. ಹಾಗೆಯೇ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಹೆಸರಿನಲ್ಲಿ 2000ನೇ ಇಸವಿಯ ಬೇರೆ ಸರಣಿಯೇ ಇದೆ, ಅಲ್ಲಿ ಪೀಟರ್ ಶಾಲಾ ಹುಡುಗ. ಬೆನ್ನಿನ ಮೇಲೆ ಹಿಕ್‌ಮನ್ ಹೆಸರಿದ್ದರೆ ಮಾತ್ರ ಇದು. ಸಂಕಲನಗಳು ಚರ್ಚ್ ಸ್ಟ್ರೀಟಿನಂಥ ಕಡೆಯ ಅಂಗಡಿಗಳ ಕಪಾಟಿನಲ್ಲೂ ಬರುತ್ತವೆ. ಹೊಸ ಬಿಡಿ ಸಂಚಿಕೆಗೆ ಮಾತ್ರ ಅವುಗಳನ್ನು ನೆಚ್ಚಿಕೊಳ್ಳಬೇಡಿ.

ಡಿಜಿಟಲ್ ಆದರೆ, ಕಾಮಿಕ್ಸ್ ಮಾರುತ್ತಿದ್ದ ಕಾಮಿಕ್ಸಾಲಜಿ ಆ್ಯಪ್ 2023ರ ಡಿಸೆಂಬರಿನಲ್ಲಿ ಮುಚ್ಚಿ ಕಿಂಡಲ್‌ನೊಳಗೆ ಸೇರಿಹೋಯಿತು, ಈಗ ಬಿಡಿಯಾಗಿ ಕೊಳ್ಳುವುದು ಅಲ್ಲಿಂದ. ಮಾರ್ವೆಲ್ ಅನ್‌ಲಿಮಿಟೆಡ್‌ನಲ್ಲಿ ಹೊಸ ಸಂಚಿಕೆ ಬರುವುದು ಅಂಗಡಿಗೆ ಬಂದ ಸುಮಾರು ಮೂರು ತಿಂಗಳ ಮೇಲೆ. ಅಲ್ಟಿಮೇಟ್ ಇಡೀ ಸಾಲನ್ನು ಒಂದೆರಡು ತಿಂಗಳ ಚಂದಾದಲ್ಲಿ ಓದಿ ಮುಗಿಸಬಹುದು.

ಇಷ್ಟಾದ ಮೇಲೂ ಒಂದೆರಡು ಬಿಡಿ ಸಂಚಿಕೆ ಕೊಂಡೇ ತೀರುತ್ತೀರಿ, ಗೊತ್ತು. ಈಗಿನ ಸಂಚಿಕೆಯ ಅಳತೆ ಸುಮಾರು 6.6 x 10.2 ಇಂಚು. ಅದನ್ನು ಹಾಕಿಡುವ ಪ್ಲಾಸ್ಟಿಕ್ ಚೀಲ ಕೊಳ್ಳುವಾಗ ‘ಕರೆಂಟ್ ಸೈಜ್’ ಕೇಳಿ. ‘ಸಿಲ್ವರ್ ಏಜ್’ ಅಳತೆಯದು ಹಳೇ ಕಾಲದ ಸಂಚಿಕೆಗಳಿಗೆ ಮಾಡಿದ್ದು, ಅಗಲ ಜಾಸ್ತಿ; ಸಂಚಿಕೆ ಒಳಗೆ ಜಾರಾಡಿ ಮೂಲೆ ಮಡಚುತ್ತದೆ. ಬೆನ್ನಿಗೆ ಕೊಡುವ ರಟ್ಟು ಆಮ್ಲರಹಿತ ಇರಲಿ, ಅದರ ನುಣುಪು ಬದಿ ಪುಸ್ತಕದ ಕಡೆಗೆ. ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಿದರೆ ಬೆನ್ನು ಬಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಪೆಟ್ಟಿಗೆಯನ್ನು ನೆಲದ ಮೇಲೂ ಹೊರಗೋಡೆಗೆ ತಾಗಿಸಿಯೂ ಇಡಬಾರದು. ಸಿಲಿಕಾ ಜೆಲ್ ಪೊಟ್ಟಣ ಪೆಟ್ಟಿಗೆಯೊಳಗೆ ಇರಲಿ, ಚೀಲದೊಳಗೆ ಬೇಡ. ಪಿನ್ನಿಗೆ ತುಕ್ಕು ಹತ್ತಿದರೆ ಸುತ್ತಲ ಕಾಗದಕ್ಕೆ ಕಂದು ಕಲೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯಲು ಬರುವುದಿಲ್ಲ.